ಬಿಸಿಲಿಗೆ ಕೆಂಪಾದ ಬಿಲ್ಲೆಗಳು

ನಮ್ಮ ಬೀದಿಗೆಲ್ಲ ಅವನು ಬಿಲ್ಲೆ ಮಾಮ. ಆಹಾರಕ್ಕೆ ವಿಕಿರಣ ಹಾಯಿಸಿ ಕ್ರಿಮಿ ಕೊಲ್ಲುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದು ಒಂದೇ ಕೆಲಸ. ಪ್ರತಿ ಪೆಟ್ಟಿಗೆಗೂ ಹಳದಿ ಬಿಲ್ಲೆ ಅಂಟಿಸಬೇಕು. ಪೆಟ್ಟಿಗೆ ದಪ್ಪ ಗೋಡೆಯ ವಿಕಿರಣ ಕೋಣೆ ಸುತ್ತಿ ಬಂದಾಗ ಬಿಲ್ಲೆ ಕೆಂಪಾಗಿದೆಯೇ ಎಂದು ನೋಡಬೇಕು. ಒಳಗಿನ ಊಟ ನೋಡಲು ಮೊದಲಿನಂತೆಯೇ ಇರುತ್ತದೆ. ಕಣ್ಣಿಗೆ ಕಾಣುವ ಸಾಕ್ಷಿ ಬಿಲ್ಲೆ ಮಾತ್ರ.

ಇಷ್ಟಾದರೂ ತಂಗಿಯ ಮನೆಯಲ್ಲಿ ಅವನಿಗೆ ಮರ್ಯಾದೆ ಅಷ್ಟಕ್ಕಷ್ಟೆ.

"ಅಣ್ಣ, ಮೊದ್ಲು ಸ್ನಾನ ಮಾಡು. ಆಮೇಲೆ ಮಗು ಮುಟ್ಟು."

"ವಿಕಿರಣ ಏನು ಮಸಿಯೇನೇ, ಮೈಗೆ ಅಂಟೋಕೆ? ದೀಪ ಆರಿಸಿದ್ಮೇಲೆ ಬೆಳಕು ಉಳಿಯುತ್ತಾ?"

ಕೋಣನ ಮುಂದೆ ಕಿನ್ನರಿ! ಅವನು ನಗುತ್ತಲೇ ಬಚ್ಚಲಿಗೆ ಹೋಗುತ್ತಿದ್ದ. ಒಳಗೊಳಗೆ ಬಹಳ ನೋಯುತ್ತಿತ್ತು.

ತಂಗಿಯ ಆ ಆರು ವರ್ಷದ ಮಗಳಿಗೆ ರಕ್ತದ ಕಾಯಿಲೆ ಬಂತು. ಔಷಧಿಯ ಹೊಡೆತಕ್ಕೆ ಸಣ್ಣ ಕ್ರಿಮಿಯನ್ನೂ ತಡೆಯುವ ಶಕ್ತಿ ಮೈಯಲ್ಲಿ ಉಳಿಯಲಿಲ್ಲ. ಆಸ್ಪತ್ರೆಯವರು ಅವಳಿಗೆ ಕೊಡುತ್ತಿದ್ದುದು ಮಾಮನ ಕಾರ್ಖಾನೆಯಿಂದ ಬರುವ ಊಟದ ಪೊಟ್ಟಣವನ್ನೇ.

ಒಂದು ದಿನ ಆಸ್ಪತ್ರೆಯ ನಲವತ್ತು ಪೆಟ್ಟಿಗೆ ಲಾರಿಗೇರಿದ್ದವು. ಎಲ್ಲದರ ಮೇಲೂ ಕೆಂಪು ಬಿಲ್ಲೆ. ಮೇಜು ಒರೆಸುತ್ತಿದ್ದ ಮಾಮನ ಕಣ್ಣು ಕಿಟಕಿಗೆ ಹೋಯಿತು. ಅಂಟಿಸಿ ಉಳಿದ ಬಿಲ್ಲೆಯ ಸುರುಳಿ ಅಲ್ಲೇ ಬಿಸಿಲಲ್ಲಿ ಬಿದ್ದಿತ್ತು, ವಿಕಿರಣ ತಾಗದೆಯೇ ಕೆಂಪಾಗಿ. ನೆರಳಲ್ಲಿಡಬೇಕಾದ್ದನ್ನು ಹಿಂದಿನ ದಿನ ಅಲ್ಲಿಟ್ಟವನು ಅವನೇ. ಬೆಳಿಗ್ಗೆ ಮಗುವಿನ ಜ್ವರದ ಚಿಂತೆಯಲ್ಲಿ ಬಣ್ಣ ನೋಡದೆ ಅಂಟಿಸಿದವನೂ ಅವನೇ. ಅಂದ ಮೇಲೆ ಆ ಕೆಂಪಿಗೆ ಅರ್ಥವೇನು?

ಬಾಯಿ ಮುಚ್ಚಿಕೊಂಡಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅವನು ಓಡಿಹೋಗಿ ಲಾರಿಗೆ ಅಡ್ಡ ನಿಂತ.

"ಇಳಿಸ್ರೀ ಎಲ್ಲಾನೂ. ತಪ್ಪು ನಂದೇ."

ಸಾಹೇಬರು ಎಲ್ಲರೆದುರು ಬೈದರು. ಎಷ್ಟು ವಿಕಿರಣ ತಗುಲಿದೆ ಎಂದು ತಿಳಿಯಲು ಪೆಟ್ಟಿಗೆಗಳ ನಡುವೆ ಇಟ್ಟಿದ್ದ ಅಳತೆಪಟ್ಟಿಗಳು ಪರೀಕ್ಷೆಗೆ ಹೋದವು. ಅಷ್ಟರಲ್ಲಿ ತಂಗಿಯ ಫೋನು.

"ಮಧ್ಯಾಹ್ನ ಆಯ್ತು, ಊಟ ಬಂದಿಲ್ಲ. ಮಗು ಹಸಿವು ಅಂತ ಅಳ್ತಿದೆ ಅಣ್ಣ!"

"ತಡೆದಿರೋನು ನಾನೇ ಕಣೇ," ಎಂದು ಅವನು ನಡೆದದ್ದನ್ನೆಲ್ಲ ಹೇಳಿದ. "ಖಾತ್ರಿ ಆಗ್ದೆ ಅವಳ ಬಾಯಿಗೆ ಹೇಗೆ ಕಳಿಸ್ಲಿ?"

ಅವಳು ತಟ್ಟನೆ ಫೋನಿಟ್ಟಳು. ಇನ್ನು ತಂಗಿ ಬಾಗಿಲನ್ನೂ ತೆರೆಯಲಾರಳು ಎಂದುಕೊಂಡು ಅವನು ಕಣ್ಣೊರೆಸಿಕೊಂಡ.

ಮೂರು ಗಂಟೆಗೆ ಫಲಿತಾಂಶ ಬಂತು: ನಲವತ್ತಕ್ಕೂ ವಿಕಿರಣ ಸರಿಯಾಗಿಯೇ ತಗುಲಿತ್ತು. ಅದೇ ಲಾರಿಯಲ್ಲಿ ಅವನೂ ಆಸ್ಪತ್ರೆಗೆ ಹೋದ, ಕೆಲಸದ ಬಟ್ಟೆಯಲ್ಲೇ. ವಾರ್ಡಿನ ಬಾಗಿಲಲ್ಲಿ ತಂಗಿ ನಿಂತಿದ್ದಳು. ಅವನು ಅಭ್ಯಾಸಬಲದಿಂದ ಬಚ್ಚಲು ಎಲ್ಲಿದೆ ಎಂದು ಕೇಳಿದ.

"ಸ್ನಾನ ಯಾಕೆ? ಎಲ್ರ ಹಾಗೆ ಕೈ ತೊಳ್ಕೊಂಡು, ಮೇಲಂಗಿ ಹಾಕ್ಕೊಂಡು ಬಾ," ಎಂದಳು ಅವಳು, ಚಮಚವನ್ನು ಅವನತ್ತ ಚಾಚುತ್ತ. "ಇವತ್ತು ನೀನೇ ತಿನ್ನಿಸಣ್ಣ."