ಒಂದು ಮಾತಿಗೆ ಒಂದು ಚಿಟಿಕೆ ಸಕ್ಕರೆ

ಒಟ್ಟು ಖರ್ಚು: ಎರಡು ಸುತ್ತು ಚಹಾ, ಒಂದು ಮಗ್ಗದ ಅರ್ಧ ದಿನದ ನೇಯ್ಗೆ, ಒಂದು ಚಿಟಿಕೆ ಸಕ್ಕರೆ. ಇವತ್ತು ಚಹಾಕ್ಕೆ ಸಕ್ಕರೆ ಹಾಕುವುದು ಮರೆತೆ, ಎಲ್ಲ ನೆನಪಾಯಿತು.

ಶಹಾಪುರದ ನಮ್ಮ ಮನೆಗೆ ಕೊಲ್ಹಾಪುರದ ಕಡೆಯ ಉದಗಾಂವದವರು ಅಪ್ಪನ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು, ಕೇಳಲು ಬಂದಿದ್ದರು. ಹುಡುಗ ಎಲ್ಲರಿಗೂ ಹಿಡಿಸಿದ್ದ. ಆದರೆ ಅತ್ತೆಯ ಕೊಲ್ಹಾಪುರದ ಕಾಲೇಜು ಮುಗಿಯಬೇಕಿತ್ತು. ‘ಈಗ ಬೇಡ, ಆದರೆ ಕೈಬಿಡಬೇಡಿ’ ಎಂಬುದನ್ನು ನೋಯಿಸದೆ ಹೇಳುವ ಒಂದೇ ಒಂದು ಮಾತು ಬೇಕಾಗಿತ್ತು. ಅಪ್ಪ ನೇಯುತ್ತಿದ್ದ ಮಗ್ಗ ನಿಲ್ಲಿಸಿ ಬಂದ, ಹಿರಿಯರು ಅಡುಗೆಮನೆಯಲ್ಲಿ ಅದನ್ನೇ ಹುಡುಕುತ್ತ ನಿಂತರು.

“ನೋಡೂನು ಅಂತೇನಿ,” ಎಂದ ಅಪ್ಪ.

“ನೋಡೂನು ಅಂದ್ರ ಒಲ್ಲೆ ಅಂದಂಗರೀ,” ಎಂದಳು ಅವ್ವ.

“ಹಂಗಾರ ಮರಾಠ್ಯಾಗ ಥಾಂಬಾ ಅನ್ನಲೇನು?”

“ಅವ್ರೇನು ಬಸ್ಸೇನಲೇ, ನಿಂದ್ರಾಕ?” ಅಜ್ಜ ಗದರಿದ.

ಅಷ್ಟರಲ್ಲಿ ಅತ್ತೆ ಸಕ್ಕರೆ ಡಬ್ಬಿ ಹಿಡಿದು ಹೊರಗೆ ಹೋದಳು. ಗಡಿಬಿಡಿಯಲ್ಲಿ ಅವ್ವ ಬೀಗರ ಚಹಾಕ್ಕೆ ಸಕ್ಕರೆಯನ್ನೇ ಹಾಕಿರಲಿಲ್ಲ. ಹುಡುಗನ ತಾಯಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, “ಹುಡುಗೀನೇ ಬಾಯಿ ಸಿಹಿ ಮಾಡ್ಯಾಳ, ಮುಗೀತ್ರಿ!” ಎಂದರು. ನಮ್ಮಲ್ಲಿ ಸಕ್ಕರೆ ಕೊಟ್ಟರೆ ಸಂಬಂಧ ಒಪ್ಪಿದಂತೆ. ಅಜ್ಜ ಇನ್ನೊಂದು ಸುತ್ತು ಚಹಾ ಇಡಲು ಹೇಳಿದ.

ಅತ್ತೆ ಬೇಕೆಂದೇ ಕೊಟ್ಟಳೋ, ಬರೀ ಚಹಾಕ್ಕೆಂದು ಕೊಟ್ಟಳೋ, ಇಂದಿಗೂ ನನಗೆ ತಿಳಿದಿಲ್ಲ. ಈಗಷ್ಟೇ ಫೋನ್ ಮಾಡಿ ಕೇಳಿದೆ. “ಚಹಾ ಭಾಳ ಸಪ್ಪಗಿತ್ತಲ್ಲೋ,” ಎಂದು ನಕ್ಕಳು.

ಲೆಕ್ಕ ಇಷ್ಟು: ಉದಗಾಂವದವರಿಗೆ ಸೊಸೆ ಸಿಕ್ಕಳು. ಅತ್ತೆಗೆ ಗಂಡ ಸಿಕ್ಕ, ಗಂಡನ ಮನೆಯಿಂದ ಬಸ್ಸಿಗೆ ಹೋಗಿ ಕಾಲೇಜೂ ಮುಗಿಸಿದಳು. ನಮಗೆ ಆ ಮಾತು ಮಾತ್ರ ಇನ್ನೂ ಸಿಕ್ಕಿಲ್ಲ.