ಕರೆಯುವುದು ಎಂಬ ಮಾತು

ಕಾಲೇಜಿನಲ್ಲಿ ಕನ್ನಡ ತೆಗೆದುಕೊಳ್ಳುವ ಮಕ್ಕಳು ಕಡಿಮೆಯಾಗಿ ನನ್ನ ಪಾಠದ ಕೆಲಸ ನಿಂತುಹೋಯಿತು. ಆಮೇಲೆ ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿಯ ಬಾಡಿಗೆ ಕೋಣೆಯಲ್ಲಿ ಕೂತು ಕಂಪ್ಯೂಟರಿಗೆ ಕನ್ನಡ ಕಲಿಸುವ ಕೆಲಸ ಹಿಡಿದೆ. ಒಂದು ಪದಕ್ಕೆ ಎರಡು ಮೂರು ಅರ್ಥವಿದ್ದರೆ, ಆ ವಾಕ್ಯದಲ್ಲಿ ಹೊಂದುವುದು ಯಾವುದೆಂದು ಗುರುತು ಹಾಕಬೇಕು. ಅದೇ ವಾಕ್ಯವನ್ನು ಬೇರೆಲ್ಲೋ ಕೂತ ಇನ್ನೊಬ್ಬರೂ ನೋಡುತ್ತಾರೆ. ಅವರ ಹೆಸರು, ಊರು ನಮಗೆ ಗೊತ್ತಾಗುವುದಿಲ್ಲ. ಇಬ್ಬರ ಗುರುತೂ ಒಂದೇ ಆದರೆ ವಾಕ್ಯ ಮುಂದೆ ಹೋಗುತ್ತದೆ. ಬೇರೆಯಾದರೆ ಮಾತ್ರ ಕಾರಣ ಬರೆಯಲು ಪರದೆಯ ಮೇಲೆ ಸಣ್ಣದೊಂದು ಜಾಗ ತೆರೆದುಕೊಳ್ಳುತ್ತದೆ. ಎಷ್ಟೋ ದಿನ ನಾನು ಇನ್ನೊಬ್ಬರಿಗೆ ಆಡಿದ ಮಾತೆಂದರೆ ಅಲ್ಲಿ ಬರೆದದ್ದು ಅಷ್ಟೇ.

ಒಮ್ಮೆ ಈ ವಾಕ್ಯ ಬಂತು: ‘ಬೆಳಗಿನ ಜಾವ ಅಮ್ಮ ಕರೆಯುತ್ತಿದ್ದಳು, ನಾನು ಎದ್ದು ಕೊಟ್ಟಿಗೆಗೆ ಹೋದೆ.’

ನಾನು ‘ಹಾಲು ಕರೆಯುವುದು’ ಎಂದು ಗುರುತು ಹಾಕಿದೆ. ಆ ಕಡೆಯವರು ‘ಕೂಗುವುದು’ ಎಂದಿದ್ದರು.

ನನಗೂ ಅನುಮಾನ ಬಂದು ಕೆಳಗಿಳಿದೆ. ಮನೆ ಒಡತಿ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದರು.

“ಅಮ್ಮ ಕರೀತಿದ್ಲು ಅಂದ್ರೆ ನಿಮಗೆ ಎಂತ ಅನ್ಸ್ತದೆ?” ಎಂದೆ.

“ಕರೆದಿದ್ರೆ ಹೋಗಿ ಬನ್ನಿ ಮಾರಾಯ್ತಿ. ನೀವು ಊರಿಗೆ ಹೋಗಿದ್ದೇ ನಾನು ನೋಡ್ಲಿಲ್ಲ.”

“ಅಮ್ಮ ಈಗಿಲ್ಲ. ಅಲ್ಲಿ ಕರೆಯೋರು ಯಾರೂ ಇಲ್ಲ.”

ಅವರ ಕೈ ನಿಂತಿತು. “ಅಯ್ಯೋ, ಗೊತ್ತಿರ್ಲಿಲ್ಲ. ಕೂತ್ಕೊಳ್ಳಿ, ಚಾ ಮಾಡ್ತೇನೆ.”

ಕೆಲಸವಿದೆ ಎಂದು ಮೇಲೆ ಬಂದುಬಿಟ್ಟೆ. ಕೂತಿದ್ದರೆ ಅತ್ತುಬಿಡುತ್ತಿದ್ದೆನೇನೋ.

ಕಾರಣದ ಜಾಗದಲ್ಲಿ ಉದ್ದಕ್ಕೆ ಬರೆದೆ. ಊರಿನಲ್ಲಿದ್ದಾಗ ಅಮ್ಮ ನಸುಕಿಗೇ ಕೊಟ್ಟಿಗೆ ಸೇರುತ್ತಿದ್ದಳು. ಕರು ಹಿಡಿದುಕೊಳ್ಳುವುದು ನನ್ನ ಕೆಲಸ. ಚೊಂಬಿಗೆ ಹಾಲು ಬೀಳುವ ಸದ್ದಿಗೇ ಎಚ್ಚರವಾಗುತ್ತಿತ್ತು, ಅವಳು ಕೂಗಬೇಕಾಗಿರಲಿಲ್ಲ.

ಮಧ್ಯಾಹ್ನ ಉತ್ತರ ಬಂತು. “ನಮ್ಮ ಕಡೆ ಹಾಲು ಹಿಂಡೂದು ಅಂತಾರ್ರೀ, ಅದಕ್ಕ ಹೊಳೀಲಿಲ್ಲ. ನಮ್ಮವ್ವನೂ ಹಿಂಗ ಕರು ಹಿಡಿಯಾಕ ನನ್ನ ನಿಲ್ಲಸ್ತಿದ್ಲು. ನಿಮ್ಮದು ಖರೆ ಐತಿ. ಯಾವ ಊರು ನಿಮ್ಮದು?”

‘ಕೆರೆಕಟ್ಟೆ, ಈಗಿರುವುದು ಕೊಪ್ಪದಲ್ಲಿ. ನಿಮ್ಮದು?’ ಎಂದು ಬರೆದು ಒತ್ತಿದೆ. ಹೋಗಲಿಲ್ಲ. ಅವರು ಒಪ್ಪಿದ್ದರಿಂದ ಆ ಜಾಗ ಮುಚ್ಚಿಕೊಂಡಿತ್ತು. ಮುಂದಿನ ವಾಕ್ಯ ಬಂದು ನಿಂತಿತ್ತು.

ಆಮೇಲೆ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಬರಲೇ ಇಲ್ಲ. ಮುಂದಿನ ತಿಂಗಳು ಜೊತೆಗೆ ಬೇರೆ ಯಾರನ್ನೋ ಹಾಕಿದ್ದೇವೆಂದು ಪರದೆಯ ಮೇಲೆ ಬಂತು. ಈ ಹೊಸಬರೂ ನಾನು ಹಾಕಿದ ಗುರುತನ್ನೇ ಹಾಕುತ್ತಾರೆ. ಕೆಲಸ ಊಟದ ಹೊತ್ತಿಗೇ ಮುಗಿದುಹೋಗುತ್ತದೆ.