ಪಾವಟಿಗೆಯ ಮೇಲಿನ ಮೂರು ಚುಕ್ಕಿ

ದೆವ್ವ ಭೂತದ ಮಾತು ಬಂದರೆ ನಗುವವರ ಸಾಲಿನಲ್ಲಿ ನಾನೇ ಮೊದಲಿಗ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದನ್ನು ಓದಿ ನೀವು ನನ್ನನ್ನು ಬೇರೆ ಥರದ ಮನುಷ್ಯನೆಂದು ತಿಳಿದೀರಿ. ಪಟದಲ್ಲಿ ಬೆಳಕು ಕಂಡಿತು, ಸತ್ತವರು ಬಂದಿದ್ದಾರೆ ಎಂದು ಯಾರಾದರೂ ಹೇಳಿದರೆ, ಆ ಪಟ ಇಸಿದುಕೊಂಡು ಬೆಳಕು ಎಲ್ಲಿಂದ ಬಂತೆಂದು ತೋರಿಸಿಕೊಡುವುದು ನನಗೊಂದು ಚಟವೇ ಆಗಿತ್ತು. ಹಾಗೆ ತೋರಿಸಲಾಗದೆ ಉಳಿದ ಬೆಳಕು ನನ್ನ ಆಯುಷ್ಯದಲ್ಲಿ ಒಂದೇ ಒಂದು. ಅದು ಕಂಡದ್ದು ನನ್ನ ಒಡಹುಟ್ಟಿದ ತಂಗಿಯ ಮನೆಯಲ್ಲಿ.

ಇದು ಕಂಪನಿ ಸರಕಾರದ ವಿರುದ್ಧ ನರಗುಂದದಲ್ಲಿ ಎದ್ದ ಬಂಡಾಯಕ್ಕೂ ಮುಂಚಿನ ಮಾತು. ನಮ್ಮದು ಗಜೇಂದ್ರಗಡದಲ್ಲಿ ನೂಲಿನ ವ್ಯಾಪಾರದ ಮನೆತನ. ಅಂಗಡಿಯ ಗಾದಿಯ ಮೇಲೆ ಕೂರಬೇಕಾದ ನಾನು, ಹಳೆಯ ಗುಡಿಗಳ ಪಟ ತೆಗೆಯಲು ರೋಣಕ್ಕೆ ಬಂದಿದ್ದ ಒಬ್ಬ ಸಾಹೇಬನ ಬೆನ್ನು ಹತ್ತಿದೆ. ಮೊದಲು ಅವನ ಸಾಮಾನು ಹೊರಿಸುವ ಕೆಲಸ, ಆಮೇಲೆ ಔಷಧ ಕಲಸುವ ಕೆಲಸ, ಕಡೆಗೆ ಪಟ ತೆಗೆಯುವುದನ್ನೂ ಕಲಿತೆ. ಸಾಹೇಬ ತನ್ನ ದೇಶಕ್ಕೆ ಹೊರಟಾಗ ಪಟ ತೆಗೆಯುವ ಹಳೆಯದೊಂದು ಪೆಟ್ಟಿಗೆಯನ್ನು ನನಗೆ ಬಿಟ್ಟು ಹೋದ. ನಮ್ಮಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ಆಗದಿದ್ದರೆ ಇದರಲ್ಲಿ ಒಣಮೆಣಸಿನಕಾಯಿ ತುಂಬಿಡಬಹುದು ಎಂದಿದ್ದ.

ಆಗಿನ ಪಟದ ಕೆಲಸ ಈಗಿನಷ್ಟು ಸಲೀಸಲ್ಲ. ಕತ್ತಲೆ ಕೋಣೆಯಲ್ಲಿ ಗಾಜಿಗೆ ಔಷಧ ಹಚ್ಚಿ, ಅದು ಆರುವುದರೊಳಗೆ ತಂದು ಪೆಟ್ಟಿಗೆಯಲ್ಲಿ ಸಿಕ್ಕಿಸಿ, ಪೆಟ್ಟಿಗೆಯ ಕಣ್ಣಿನ ಮುಚ್ಚಳ ತೆಗೆದು ಮನಸ್ಸಿನಲ್ಲೇ ಎಣಿಸುತ್ತ ನಿಲ್ಲಬೇಕು. ಎಣಿಕೆ ಮುಗಿಯುವ ತನಕ ಎದುರಿಗಿದ್ದವರು ಕಲ್ಲಿನ ಹಾಗೆ ಕೂರಬೇಕು. ಸುಮ್ಮನೆ ಕೂತದ್ದು ಮೂಡುತ್ತದೆ, ಅಲುಗಾಡಿದ್ದು ಹೊಗೆಯಾಗುತ್ತದೆ. ಎತ್ತಿನ ಪಟ ತೆಗೆದರೆ ಎತ್ತು ಇರುತ್ತದೆ, ಬಾಲ ಇರುವುದಿಲ್ಲ. ಮೂಡಿದ ಗಾಜನ್ನು ತೊಳೆದು ಅದರ ಹಿಂದೆ ಕರಿ ಬಟ್ಟೆ ಇಟ್ಟಾಗಲೇ ಚಿತ್ರ ಕಣ್ಣಿಗೆ ಕಾಣುವುದು.

ಇಷ್ಟೆಲ್ಲ ಫಜೀತಿ ಇರುವಲ್ಲಿ ಇಲ್ಲದ ಬೆಳಕು ಕಾಣಿಸಿಕೊಳ್ಳುವುದು ಏನೂ ದೊಡ್ಡ ಮಾತಲ್ಲ. ನರಗುಂದದ ಒಂದು ಶ್ರೀಮಂತರ ಮನೆಯಲ್ಲಿ ತೀರಿಕೊಂಡ ಯಜಮಾನರ ಗಾದಿಯ ಮೇಲೆ ಪಟದಲ್ಲಿ ಬೆಳ್ಳಗೆ ಒಂದು ಉಂಡೆ ಕಂಡಿತು. ಮನೆಯ ಹೆಣ್ಣುಮಕ್ಕಳು ಆಗಲೇ ಕಾಯಿ ಒಡೆದು ಕರ್ಪೂರ ಹಚ್ಚಿದ್ದರು. ನಾನು ಪೆಟ್ಟಿಗೆಯನ್ನು ಬಿಸಿಲಿಗೆ ಹಿಡಿದು, ತಲೆಯ ಮೇಲೆ ಕಂಬಳಿ ಹೊದ್ದು ಒಳಗೆ ಇಣುಕಿದೆ. ಬೇಸಗೆಯ ಬಿಸಿಗೆ ಪೆಟ್ಟಿಗೆಯ ಕಟ್ಟಿಗೆ ಸೀಳಿ ಸೂಜಿಮೊನೆಯಷ್ಟು ಕಂಡಿ ಬಿದ್ದಿತ್ತು. ಅದಕ್ಕೆ ಮೇಣ ಮೆತ್ತಿ ಇನ್ನೊಂದು ಪಟ ತೆಗೆದೆ, ಉಂಡೆ ಮಾಯ. ಅವರಿಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು. ಯಜಮಾನರನ್ನು ಎರಡನೇ ಸಲ ಕೊಂದವನೇನೋ ಎಂಬಂತೆ ನನ್ನನ್ನು ನೋಡಿದರು. ಊಟಕ್ಕೆ ಮಾತ್ರ ಕಡಿಮೆ ಮಾಡಲಿಲ್ಲ.

ಬೇರೆ ಕಡೆ ಗಾಜಿನ ಮೇಲೆ ಕೂತ ಧೂಳಿನ ಕಣ, ಔಷಧದಲ್ಲೆದ್ದ ಗುಳ್ಳೆ, ಬೆರಳು ತಾಗಿದ ಗುರುತು, ಪೆಟ್ಟಿಗೆಯ ಕಣ್ಣಿಗೆ ಎದುರಾದ ಸೂರ್ಯ, ಮೂಲೆಯಲ್ಲಿ ಹೊಳೆಯುತ್ತಿದ್ದ ಹಿತ್ತಾಳೆ ಕೊಡ. ದೆವ್ವ ಎನ್ನಿಸಿಕೊಂಡದ್ದೆಲ್ಲ ಕಡೆಗೆ ಇವುಗಳಲ್ಲಿ ಒಂದಾಗುತ್ತಿತ್ತು.

ನನ್ನ ತಂಗಿ ನೀಲವ್ವನನ್ನು ಸವಡಿಗೆ ಕೊಟ್ಟಿದ್ದೆವು. ಒಳ್ಳೆಯ ಒಕ್ಕಲುತನದ ಮನೆ, ಅತ್ತೆಯೂ ಒಳ್ಳೆಯವಳು. ನೀಲವ್ವನ ಚೊಚ್ಚಲ ಮಗಳು ಚೆನ್ನಿ. ಮೊದಲ ಮೊಮ್ಮಗಳೆಂದು ನಮ್ಮವ್ವ ತವರಿನಿಂದ ಒಂದು ಕುಂಚಿಗೆ ಹೊಲಿದು ಕಳಿಸಿದ್ದಳು. ಮಗುವಿನ ತಲೆ, ಕಿವಿ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಕಸೂತಿಯ ಕುಂಚಿಗೆ. ಬಜಾರಕ್ಕೆ ಬರುವ ಲಮಾಣಿ ಹೆಂಗಸರಿಂದ ಕನ್ನಡಿ ಚೂರು ಕೊಂಡು, ಹಣೆಯ ಮೇಲೆ ದೊಡ್ಡದೊಂದು, ಎರಡೂ ಕಿವಿಗಳ ಮೇಲೆ ಚಿಕ್ಕವೆರಡು ಕೂರಿಸಿದ್ದಳು. ಚೆನ್ನಿಗೆ ಅದು ತಲೆಯ ಮೇಲಿರಲೇಬೇಕು. ಸುಡು ಬಿಸಿಲಿನಲ್ಲೂ ತೆಗೆಯಗೊಡುತ್ತಿರಲಿಲ್ಲ. ಮನೆಯ ಬಾಗಿಲ ಮುಂದಿನ ಕಲ್ಲಿನ ಪಾವಟಿಗೆಯೇ ಅವಳ ಜಾಗ. ಅಲ್ಲಿ ಕೂರುವಳು, ಏಳುವಳು, ಇಳಿಯುವಳು, ಮತ್ತೆ ಹತ್ತುವಳು. ಹಾಗೆ ಒಮ್ಮೆ ಬಿದ್ದು ಎಡಗಿವಿಯ ಮೇಲಿನ ಕನ್ನಡಿ ಅರ್ಧ ಒಡೆದುಹೋಗಿತ್ತು.

ಪೆಟ್ಟಿಗೆ ಕೈಗೆ ಬಂದ ಹೊಸದರಲ್ಲಿ ನಾನು ಸವಡಿಗೆ ಹೋಗಿ ಆ ಪಾವಟಿಗೆಯ ಮೇಲೆಯೇ ತಾಯಿ ಮಗಳನ್ನು ಕೂರಿಸಿ ಪಟ ತೆಗೆದೆ. ನೀಲವ್ವ ಮಗಳ ಕಿವಿಯಲ್ಲಿ, ಅಲುಗಾಡಬ್ಯಾಡವ್ವಾ, ಮಾಮಾ ಪಟಾ ತಗೀತಾನ ಎಂದು ಹೇಳಿದ್ದೇ ಹೇಳಿದ್ದು. ಚೆನ್ನಿ ಕೇಳಿದರೆ ತಾನೆ? ನೀಲವ್ವ ಸ್ಪಷ್ಟವಾಗಿ ಮೂಡಿದಳು, ಅವಳ ತೊಡೆಯ ಮೇಲೆ ಒಂದಿಷ್ಟು ಹೊಗೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇನ್ನಷ್ಟು ದೊಡ್ಡವಳಾಗಲಿ, ಆಗ ತೆಗೆದರಾಯಿತು ಎಂದೆವು.

ಉಗಾದಿ ಕಳೆದ ಮೇಲೆ ಚೆನ್ನಿಗೆ ಜ್ವರ ಬಂತು. ನಾನು ಆಗ ರೋಣದಲ್ಲೇ ಇದ್ದೆ. ಸುದ್ದಿ ತಿಳಿದು ಸವಡಿಗೆ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಮಾಡಲು ಎತ್ತುವ ಮುಂಚೆ ನೀಲವ್ವ ಒಳಗೆ ಹೋಗಿ ಕುಂಚಿಗೆ ತಂದು ಮಗಳ ತಲೆಗೆ ಹಾಕಿದಳು. ಮಣ್ಣಾಗ ಥಂಡಿ ಇರತೈತಿ ಎಂದು ಹೇಳಿ, ಗಲ್ಲದ ಕೆಳಗೆ ಅದರ ಕಸಿದಾರವನ್ನು ಗಂಟು ಹಾಕಿದಳು. ಅದೇ ಕುಂಚಿಗೆಯ ಮೇಲೆ ಸೋದರಮಾವನಾದ ನಾನು ನನ್ನ ಕೈಯಾರೆ ಮಣ್ಣು ಎಳೆದಿದ್ದೇನೆ. ಇದನ್ನು ಇಷ್ಟು ಬಿಡಿಸಿ ಹೇಳುವುದು ನನಗೆ ಸುಲಭವಲ್ಲ, ಆದರೆ ಹೇಳದೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬೀಗರಿಂದ ಕರೆ ಬಂತು. ಹೋಗಿ ನೋಡಿದರೆ ನೀಲವ್ವ ಗುರುತು ಸಿಗದ ಹಾಗೆ ಆಗಿದ್ದಳು. ದಿನವೂ ಹೊತ್ತು ಇಳಿಯುವ ಮುಂಚೆ ಬಂದು ಪಾವಟಿಗೆಯ ಒಂದು ಬದಿಗೆ, ಇನ್ನೊಬ್ಬರಿಗೆ ಜಾಗ ಬಿಟ್ಟು ಕೂರುತ್ತಿದ್ದಳಂತೆ. ತುತ್ತು ಅನ್ನ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ತಲೆ ಬಾಚಿಕೊಂಡು ಎಷ್ಟು ದಿನವಾಗಿತ್ತೋ. ಅವಳ ಅತ್ತೆ ನನ್ನನ್ನು ಹಿತ್ತಲಿಗೆ ಕರೆದು ಕಣ್ಣೀರು ಹಾಕಿದಳು.

“ತವರಿಗಿ ಕರಕೊಂಡು ಹೋಗ್ರಿ. ಹಿಂಗ ಬಿಟ್ರ ಅಕಿ ನಿಮಗೂ ಉಳಿಯೂದಿಲ್ಲ, ನಮಗೂ ಉಳಿಯೂದಿಲ್ಲ.”

ನೀಲವ್ವ ಒಪ್ಪಲಿಲ್ಲ. ತಾನು ಹೋದ ಹೊತ್ತಿಗೆ ಚೆನ್ನಿ ಬಂದರೆ ಪಾವಟಿಗೆಯ ಮೇಲೆ ಯಾರೂ ಇರುವುದಿಲ್ಲ ಎಂದಳು. ಬೈದು ನೋಡಿದೆ, ಬೇಡಿಕೊಂಡು ನೋಡಿದೆ. ಕಡೆಗೆ ನನಗೊಂದು ಉಪಾಯ ಹೊಳೆಯಿತು. ಪಾವಟಿಗೆಯನ್ನೇ ಪಟ ತೆಗೆದು ನಿನ್ನ ಕೈಗೆ ಕೊಡುತ್ತೇನೆ, ಅದನ್ನು ಉಡಿಯಲ್ಲಿಟ್ಟುಕೊಂಡು ಗಜೇಂದ್ರಗಡಕ್ಕೆ ಬಾ ಎಂದೆ. ಅದಕ್ಕೆ ಅವಳು ಹೂಂ ಎಂದಳು.

ಮರುದಿನ ಸಂಜೆ, ಸೂರ್ಯ ಇನ್ನೂ ಎರಡಾಳು ಮೇಲಿರುವಾಗ ಪೆಟ್ಟಿಗೆ ಇಟ್ಟೆ. ಮನೆ ಪಡುವಣ ದಿಕ್ಕಿಗೆ ಮುಖ ಮಾಡಿತ್ತು, ಹಾಗಾಗಿ ಬಿಸಿಲು ನನ್ನ ಬೆನ್ನ ಹಿಂದಿನಿಂದ ನೇರವಾಗಿ ಪಾವಟಿಗೆಯ ಮೇಲೆ ಬೀಳುತ್ತಿತ್ತು. ಹಿಂದೆ ಬಾಗಿಲು ತೆರೆದಿತ್ತು, ಒಳಗೆ ಕತ್ತಲೆ. ಪಾವಟಿಗೆಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ನೀಲವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು. ಮುಚ್ಚಳ ತೆಗೆದು ಎಣಿಸತೊಡಗಿದೆ. ಆಗ ಅವಳು ತೀರ ಮೆಲ್ಲಗೆ ಅಂದದ್ದು ಕೇಳಿಸಿತು.

“ಅಲುಗಾಡಬ್ಯಾಡವ್ವಾ. ಮಾಮಾ ಪಟಾ ತಗೀತಾನ.”

ನಾನು ಅವಳತ್ತ ತಿರುಗಲಿಲ್ಲ, ಎಣಿಕೆಯನ್ನೂ ತಪ್ಪಿಸಲಿಲ್ಲ. ಮುಚ್ಚಳ ಹಾಕಿ ಗಾಜನ್ನು ಕಿಟಕಿಯಿಲ್ಲದ ಕಾಳಿನ ಕೋಣೆಯ ಕತ್ತಲೆಗೆ ಒಯ್ದು ಔಷಧ ಹೊಯ್ದು ತೊಳೆದೆ. ಹೊರಗೆ ಬರುವಷ್ಟರಲ್ಲಿ ಹೊತ್ತು ಮುಳುಗಿ ಪಡಸಾಲೆಯಲ್ಲಿ ದೀಪ ಹಚ್ಚಿದ್ದರು. ಗಾಜಿನ ಹಿಂದೆ ಇಡಲು ಕರಿ ಬಟ್ಟೆ ಬೇಕೆಂದೆ. ನೀಲವ್ವ ಒಳಗೆ ಹೋಗಿ, ಚೆನ್ನಿ ಹೊಟ್ಟೆಯಲ್ಲಿದ್ದಾಗ ಉಟ್ಟಿದ್ದ ಚಂದ್ರಕಾಳಿ ಸೀರೆಯನ್ನು ತಂದಳು. ನಾನು ಬೇಡವೆನ್ನುವುದರೊಳಗೆ ಅದರ ಸೆರಗನ್ನು ಹರಿದು ಕೊಟ್ಟಳು. ಅದನ್ನು ಗಾಜಿನ ಹಿಂದಿಟ್ಟು ದೀಪಕ್ಕೆ ಹಿಡಿದೆ.

ಪಾವಟಿಗೆ ಮೂಡಿತ್ತು, ಬಾಗಿಲು ಮೂಡಿತ್ತು. ಬಾಗಿಲ ಕತ್ತಲೆಯ ಮುಂದೆ, ಪಾವಟಿಗೆಗಿಂತ ಒಂದಿಷ್ಟು ಮೇಲೆ, ಮೂರು ಬೆಳ್ಳನೆಯ ಚುಕ್ಕಿಗಳಿದ್ದವು. ನಡುವಿನದು ದೊಡ್ಡದು, ಆಚೀಚೆಯವು ಚಿಕ್ಕವು. ಚಿಕ್ಕವುಗಳಲ್ಲಿ ಒಂದು ಅರ್ಧವೇ ಇತ್ತು.

ನಂಬಿ, ಆ ಕ್ಷಣದಲ್ಲೂ ನನ್ನ ತಲೆ ತನ್ನ ಚಟ ಬಿಡಲಿಲ್ಲ. ಪೆಟ್ಟಿಗೆಯ ಕಂಡಿಯೆಂದರೆ, ಬೆಳಕು ಹರಡಿ ಉಂಡೆಯಾಗಬೇಕು, ಹೀಗೆ ಅಂಚು ಕೊರೆದಂತೆ ಇರುವುದಿಲ್ಲ. ಸೂರ್ಯ ಎದುರಾಗಿರಲಿಲ್ಲ, ಬೆನ್ನಿಗಿದ್ದ. ಧೂಳಿಗೂ ಗುಳ್ಳೆಗೂ ಒಂದು ಮುಖದ ಅಳತೆಗೆ ಸರಿಯಾಗಿ ಕೂರಲು ಯಾರು ಹೇಳಿಕೊಟ್ಟಾರು? ಉಳಿದದ್ದು ಒಂದೇ ಕಾರಣ, ಅದು ಎಲ್ಲ ರೀತಿಯಿಂದಲೂ ಸರಿಹೊಂದುತ್ತಿತ್ತು. ಬೆನ್ನ ಹಿಂದಿನ ಬಿಸಿಲು ಎದುರಿಗಿದ್ದ ಕನ್ನಡಿ ಚೂರುಗಳಿಗೆ ಬಡಿದು ತಿರುಗಿ ಪೆಟ್ಟಿಗೆಯ ಕಣ್ಣಿಗೆ ಬಿದ್ದರೆ ಗಾಜಿನ ಮೇಲೆ ಹೀಗೆಯೇ ಮೂಡುತ್ತದೆ. ಇದರಲ್ಲಿ ದೆವ್ವದ ಮಾತೇ ಇಲ್ಲ. ಕನ್ನಡಿ ಮಾತ್ರ ಅಲ್ಲಿರಬೇಕಿತ್ತು.

ನೀಲವ್ವ ಗಾಜನ್ನು ನನ್ನ ಕೈಯಿಂದ ತೆಗೆದುಕೊಂಡಳು. ನೋಡಿ ಅಳಲಿಲ್ಲ.

“ಅಣ್ಣಾ, ಊರ ಮಂದಿಗೆಲ್ಲಾ ಹೇಳ್ತೀ. ನನಗೂ ಖರೇ ಹೇಳು. ಇದು ಏನು?”

ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ಕನ್ನಡಿ ಮೇಲೆ ಬಿಸಿಲು ಬಿದ್ದರೆ ಹೀಗೆ ಮೂಡುತ್ತದೆ ಎಂದಷ್ಟೇ ಹೇಳಿದೆ. ಹೇಳಿದ ಕೂಡಲೇ ಹೆದರಿಕೆಯಾಯಿತು. ಇನ್ನು ಇವಳು ಆ ಕಲ್ಲನ್ನು ಬಿಟ್ಟು ಏಳುವುದಿಲ್ಲ, ಇವಳನ್ನು ಕಳೆದುಕೊಂಡೆವು ಎಂದುಕೊಂಡೆ. ಅವಳು ಅರ್ಧ ಚುಕ್ಕಿಯ ಮೇಲೆ ಬೆರಳಿಟ್ಟಳು. ಆಮೇಲೆ, ಇದು ಅಲುಗಾಡಿದರೆ ಹೊಗೆ ಆಗುತ್ತಿತ್ತಲ್ಲವೇ ಎಂದು ಕೇಳಿದಳು. ಹೌದೆಂದೆ.

“ಒಂದ ಗಳಿಗಿ ಕುಂತಾಕಿ ಅಲ್ಲ ಅಕಿ. ನಾ ಹೇಳೇನಿ ಅಂತ ಅಷ್ಟೊತ್ತು ಹಂಗ ಕುಂತಾಳ. ದಿನಾ ಸಂಜಿಮುಂದ ನಾನ ಅಕಿನ್ನ ಇಲ್ಲೆ ಕುಂದ್ರಿಸಿ ಇಟ್ಟೇನಲ್ಲ ಅಣ್ಣಾ.” ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು, “ನಾ ಎದ್ದರ ಅಕಿನೂ ಎದ್ದು ಆಡಾಕ ಹೋಗ್ತಾಳ.”

ಆ ರಾತ್ರಿ ಅವಳು ಅತ್ತೆಯ ಕೈಯಿಂದ ಎರಡು ತುತ್ತು ಉಂಡಳು. ನನಗೆ ಅನ್ನ ಸೇರಲಿಲ್ಲ.

ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಪೆಟ್ಟಿಗೆ ಇಟ್ಟು ಇನ್ನೊಂದು ಪಟ ತೆಗೆದೆ. ಬಿಸಿಲು ಹಾಗೆಯೇ ಇತ್ತು, ಬಾಗಿಲೂ ತೆರೆದಿತ್ತು. ನೀಲವ್ವ ಮಾತ್ರ ಪಕ್ಕದಲ್ಲಿರಲಿಲ್ಲ. ಒಳಗೆ ಅವಳ ಅತ್ತೆ ಎಣ್ಣೆ ಹಚ್ಚಿ ಅವಳ ತಲೆ ಬಾಚುತ್ತಿದ್ದಳು. ಆ ಪಟದಲ್ಲಿ ಪಾವಟಿಗೆ ಇತ್ತು, ಬಾಗಿಲಿತ್ತು, ಇನ್ನೇನೂ ಇರಲಿಲ್ಲ. ಮತ್ತೆ ಹೋಗಿ ಕಲ್ಲನ್ನು ಅಂಗೈಯಿಂದ ಸವರಿ ನೋಡಿದೆ. ಬಾಗಿಲ ಮೊಳೆಗಳನ್ನು ನೋಡಿದೆ, ಎಲ್ಲವೂ ತುಕ್ಕು ಹಿಡಿದವು. ಹೊಳೆಯುವಂಥದ್ದು ಆ ಬದಿಯಲ್ಲಿ ಯಾವುದೂ ಇರಲಿಲ್ಲ.

ನಾವು ಹೊರಡುವಾಗ ನೀಲವ್ವ ಪಾವಟಿಗೆ ಇಳಿದವಳು ಹಿಂತಿರುಗಿ ನೋಡಲಿಲ್ಲ. ಗಾಜನ್ನು ಉಡಿಯಲ್ಲಿಟ್ಟುಕೊಳ್ಳಲೂ ಇಲ್ಲ. ನೀನೇ ಇಟ್ಟುಕೋ ಅಣ್ಣಾ, ನನ್ನ ಕೈಯಲ್ಲಿದ್ದರೆ ಮತ್ತೆ ಕೂರು ಎಂದು ಹೇಳಿಬಿಡುತ್ತೇನೆ ಎಂದಳು. ಬಂಡಿ ಊರು ದಾಟುವ ತನಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ದಾಟಿದ ಮೇಲೆ ಅತ್ತಳು, ಗಜೇಂದ್ರಗಡದ ಗುಡ್ಡ ಕಾಣುವ ತನಕ ಅತ್ತಳು. ತವರಿನಲ್ಲಿ ಒಂದಿಷ್ಟು ದಿನ ಇದ್ದು, ಮೈಯಲ್ಲಿ ಜೀವ ತುಂಬಿಕೊಂಡು ಸವಡಿಗೆ ಮರಳಿದಳು. ಆಮೇಲೆ ಅವಳಿಗೆ ಬೇರೆ ಮಕ್ಕಳಾದವು. ಮುಸ್ಸಂಜೆಗೆ ಪಾವಟಿಗೆಯ ಮೇಲೆ ಕೂರುವುದನ್ನು ಮಾತ್ರ ಅವಳು ಸಾಯುವ ತನಕ ಮಾಡಲಿಲ್ಲ.

ಆ ಗಾಜು ಈಗಲೂ ನನ್ನ ಹತ್ತಿರ ಇದೆ. ಔಷಧದ ಪದರು ಎದ್ದು ಬಾಗಿಲು ಅಳಿಸಿಹೋಗಿದೆ, ಪಾವಟಿಗೆಯೂ ಅರ್ಧ ಹೋಗಿದೆ. ಮೂರು ಚುಕ್ಕಿಗಳು ಮಾತ್ರ ಹಾಗೆಯೇ ಇವೆ. ಅದಕ್ಕೂ ಕಾರಣ ನನಗೆ ಗೊತ್ತು. ಹೆಚ್ಚು ಬೆಳಕು ಬಿದ್ದಲ್ಲಿ ಔಷಧದೊಳಗಿನ ಬೆಳ್ಳಿ ದಪ್ಪಗೆ ಕೂರುತ್ತದೆ, ಎಲ್ಲಕ್ಕಿಂತ ಕಡೆಗೆ ಅಳಿಯುತ್ತದೆ. ಈ ಪಟದಲ್ಲಿ ನನಗೆ ಗೊತ್ತಿಲ್ಲದ ಕಾರಣ ಒಂದೇ. ಮಣ್ಣಿನೊಳಗಿದ್ದ ಕುಂಚಿಗೆಯ ಮೇಲೆ ಬಿಸಿಲು ಹೇಗೆ ಬಿತ್ತು? ಇಷ್ಟು ವರ್ಷ ಯೋಚಿಸಿದ್ದೇನೆ, ತಿಳಿದಿಲ್ಲ. ನಿಮಗೆ ತಿಳಿದರೆ ಹೇಳಿ, ಬೇಸರವಿಲ್ಲ.

ಆಮೇಲೆಯೂ ಬಹಳ ಕಾಲ ಪಟ ತೆಗೆದೆ. ಮಕ್ಕಳನ್ನು ಕರೆತಂದ ತಾಯಂದಿರು, ಇವನು ಒಂದು ಕಡೆ ಕೂರುವುದಿಲ್ಲ, ನೀವಾದರೂ ಗದರಿಸಿ ಹೇಳಿ ಎನ್ನುತ್ತಿದ್ದರು. ಅಲುಗಾಡಬೇಡ ಎಂದು ನಾನು ಯಾವ ಮಗುವಿಗೂ ಹೇಳಲಿಲ್ಲ. ಹೊಗೆಯಾಗಿ ಮೂಡಿದರೆ ಮೂಡಲಿ ಎಂದು ಮುಚ್ಚಳ ತೆಗೆಯುತ್ತಿದ್ದೆ.